ಬ್ಯಾನಿ ಇಲ್ಲದ ಕೈ

ಹಚ್ಚೆ ಹೊಯ್ಯಿಸಿಕೊಳ್ಳುವಾಗ ಮಾನಮ್ಮ ಅಳಲಿಲ್ಲ. ಕೆಡುಕಿನ ಮೊದಲ ಸುದ್ದಿ ಅದೇ. ಅದನ್ನು ತಿಳಿದವಳು ಅಲ್ಲಿ ಒಬ್ಬಳೇ ಇದ್ದಳು, ಅವಳೂ ಬಾಯಿ ಬಿಡಲಿಲ್ಲ.

ದೇವದುರ್ಗ ತಾಲೂಕಿನ ಗೂಗಲ್ಲು ಕೃಷ್ಣೆಯ ದಂಡೆಯ ಊರು. ಮಾನಮ್ಮನ ಗಂಡ ಹರಿಗೋಲು ಮಗುಚಿ ಹೊಳೆಯ ಪಾಲಾಗಿ ವರ್ಷ ತುಂಬಿತ್ತು. ಆಗ ಅವಳ ಎಡಗೈ ಮೇಲೆ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಒಂದು ಮಾಸಲು ಮಚ್ಚೆ ಎದ್ದಿತು. ತುರಿಕೆಯಿಲ್ಲ, ಉರಿಯಿಲ್ಲ. ಅತ್ತೆಗೆ ಅದು ತೊನ್ನು ಎಂಬ ಅನುಮಾನ. ತೊನ್ನಿನ ಸೊಸೆ ಮನೆಯಲ್ಲಿದ್ದರೆ ಕೇರಿಯವರು ನೀರು ಕುಡಿದಾರೇ? ಅದಕ್ಕೇ ಹಚ್ಚೆ ಹೊಯ್ಯುವ ಕೊರವರ ಹೆಣ್ಣುಮಗಳು ಬಂದ ದಿನ ಸೊಸೆಯ ರಟ್ಟೆ ಹಿಡಿದು ತಂದು ಕೂಡಿಸಿದಳು.

"ಮಚ್ಚಿ ಕಾಣದಂಗ ದಟ್ಟಗ ಒಂದು ಚೇಳು ಬರಿ ತಂಗಿ."

ಕೊರವರಾಕೆ ಪದ ಹೇಳುತ್ತಾ ಸೂಜಿ ಇಳಿಸಿದಳು. ಆ ಪದ ಇರುವುದೇ ಹುಡುಗಿಯರ ಅಳು ಮುಚ್ಚಲು. ಮಾನಮ್ಮ ಅತ್ತ ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ನೋಡುತ್ತಾ ಕೂತಿದ್ದಳು. ಸೂಜಿ ಮತ್ತೊಂದಿಷ್ಟು ಆಳಕ್ಕೆ ಹೋಯಿತು. ರಕ್ತ ಜಿನುಗಿತು. ಕೈ ಅಲುಗಲಿಲ್ಲ. ಪದ ನಡುವೆಯೇ ನಿಂತುಹೋಯಿತು. ಚೇಳಿನ ಬಾಲವನ್ನು ಆಕೆ ಮಾತಿಲ್ಲದೆ ಮುಗಿಸಿದಳು. ಅತ್ತೆ ಮೊರದಲ್ಲಿ ಜೋಳ ತಂದರೆ, "ಬ್ಯಾಡ ಬಿಡ್ರಿ ಯವ್ವಾ" ಎಂದು ಎದ್ದಳು. ಆ ಸೂಜಿಯನ್ನು ಬುಟ್ಟಿಗೆ ಹಾಕಲಿಲ್ಲ. ಬೇಲಿಯಾಚೆ ಎಸೆದು ಹೋದಳು.

"ಹುಚ್ಚಿ ಅದಾಳ. ಕಾಳು ಉಳೀತು" ಎಂದು ಅತ್ತೆ ಖುಷಿಪಟ್ಟಳು.

ಗಂಡನಿಲ್ಲದ ಸೊಸೆಗೆ ಅತ್ತೆಮನೆಯ ರೊಟ್ಟಿ ಎಷ್ಟು ದಿನ? ನಲವತ್ತೊಂದನೆಯ ಇಸವಿಯಲ್ಲಿ ಐದು ವರ್ಷದ ಸೂಗಮ್ಮನನ್ನು ಸೊಂಟಕ್ಕೇರಿಸಿಕೊಂಡು ಮಾನಮ್ಮ ರಾಯಚೂರಿಗೆ ಬಂದಳು. ಅಲ್ಲಿನ ಹೆಣ್ಣುಮಕ್ಕಳ ದವಾಖಾನೆಯೊಂದರಲ್ಲಿ ಕಸ ಬಳಿಯುವ, ರಕ್ತದ ಅರಿವೆ ಒಗೆಯುವ ಕೆಲಸ ಸಿಕ್ಕಿತು. ಹಿತ್ತಲಲ್ಲಿ ತಗಡಿನ ಮಾಡಿನ ಒಂದು ಕೋಣೆಯೂ ಸಿಕ್ಕಿತು. ಆ ಕೋಣೆಯೇ ಅವಳ ರಾಜ್ಯ. ಕೆಲಸ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಮಗಳು ಗೂಗಲ್ಲಿಗೆ, ಅಜ್ಜಿಯ ಕೈಗೆ, ಯಾರದೋ ಮನೆಯ ಎಮ್ಮೆ ಕಾಯಲು. ಇದು ಮಾನಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಕತ್ತರಿ, ಚಿಮಟ, ಸೂಜಿ ಕುದಿಸುವ ತಗಡಿನ ಪೆಟ್ಟಿಗೆ ದವಾಖಾನೆಯ ಮೂಲೆಯಲ್ಲಿ ಸದಾ ಕೊತಕೊತ ಎನ್ನುತ್ತಿತ್ತು. ಒಂದು ದಿನ ಹಿಡಿಯುವ ಅರಿವೆ ಕಾಣಲಿಲ್ಲ. ಒಳಗೆ ಹೆರಿಗೆಯ ಅವಸರ. ಮಾನಮ್ಮ ಬರಿ ಎಡಗೈಯಲ್ಲಿ ಮುಚ್ಚಳ ಎತ್ತಿ ಕೆಳಗಿಟ್ಟಳು. ಆಯಾ ಹೀರಾಬಿ ನೋಡಿ ಬಾಯಿ ಮೇಲೆ ಕೈ ಇಟ್ಟಳು.

"ಅರೆ ಅಲ್ಲಾ! ಇದು ಕೈಯೋ ಇಕ್ಕಳಾನೋ?"

"ನಿನ್ನಂಗ ಬೆಣ್ಣಿ ಕೈ ಅಲ್ಲಬೇ. ಕೂಲಿ ಮಾಡಿದ ಕೈ" ಅಂದಳು ಮಾನಮ್ಮ.

ಅಂದಿನಿಂದ ಪೆಟ್ಟಿಗೆ ಅವಳ ಪಾಲಿಗೆ ಬಂತು. ಕಸಬರಿಗೆ ಬಿಟ್ಟು ಇಕ್ಕಳ ಹಿಡಿದಳು. ಇಡೀ ದವಾಖಾನೆಯಲ್ಲಿ 'ಕಬ್ಬಿಣದ ಕೈ ಮಾನಮ್ಮ' ಎಂದು ಹೆಸರಾಯಿತು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದರೆ ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಎದ್ದದ್ದೇ ಅವಳಿಗೆ ತಿಳಿಯುತ್ತಿದ್ದುದು ಕಣ್ಣಿನಿಂದ.

ಇಷ್ಟು ಕಣ್ಣುಗಳಿರುವ ದವಾಖಾನೆಯಲ್ಲಿ ಯಾರಿಗೂ ಹೇಗೆ ಗೊತ್ತಾಗಲಿಲ್ಲ ಎಂದರೆ, ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ. ವರ್ಷಕ್ಕೊಮ್ಮೆ ದೊಡ್ಡ ನರ್ಸಮ್ಮ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದಳು. ಹೀರಾಬಿಯ ಮಣಿಕಟ್ಟು ಹಿಡಿದು ಹೊರಳಿಸುವಳು, ಉಗುರು ಒತ್ತುವಳು. ಮಾನಮ್ಮನ ಸರದಿ ಬಂದಾಗ ಎರಡು ಮಾರು ದೂರದಿಂದಲೇ, "ಕೈ ತೋರ್ಸು. ಹಾಂ. ನಡಿ." ಅಷ್ಟೇ. ಕುದಿಸಿದ ಕತ್ತರಿಗೆ ಜಾತಿಯಿಲ್ಲ, ಕುದಿಸಿದವಳಿಗೆ ಇತ್ತು. ಎಳೆಗೂಸುಗಳನ್ನೂ ಅವಳ ಕೈಗೆ ಕೊಡುತ್ತಿರಲಿಲ್ಲ. ಆ ಮೈಲಿಗೆಯೇ ಕೂಸುಗಳನ್ನು ಕಾಯಿತು ಎಂದು ಯಾವನಾದರೂ ಬುದ್ಧಿವಂತ ಹೇಳಿಯಾನು. ಅವನ ಬಾಯಿಗೆ ಮಣ್ಣು. ಅದೇ ಮೈಲಿಗೆಯಿಂದ ಅವಳ ರೋಗ ಹಗಲು ಬೆಳಕಿನಲ್ಲಿ ಹಾಯಾಗಿ ಬೆಳೆಯಿತು.

ನಲವತ್ತಮೂರರಲ್ಲಿ ಇಂಗ್ಲೆಂಡಿನಿಂದ ಹೊಸ ಡಾಕ್ಟರು ಬಂದಳು. ಎಲ್ಲರ ಬಾಯಲ್ಲಿ ಆಕೆ ದೊರಸಾನಿ. ಒಳ್ಳೆಯ ಕೈ, ಆದರೆ ಕನ್ನಡ ಬಾರದು, ಉರ್ದು ಬಾರದು. ಹೊಟ್ಟೆನೋವೆಂದು ಬಂದವಳಿಗೆ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದೂ ಆಯಿತು. ಕೊನೆಗೆ ಆಯಾಗಳಿಗೆಲ್ಲ ರೋಗದ ಇಂಗ್ಲಿಷ್ ಮಾತು ಕಲಿಸಲು ಮಾನ್ವಿಯ ಅಹಲ್ಯಾಬಾಯಿಯನ್ನು ಗೊತ್ತುಮಾಡಿದರು.

ಅಹಲ್ಯಾಬಾಯಿ ವೈಷ್ಣವರ ಮನೆಯ ವಿಧವೆ. ತಲೆ ಬೋಳಿಸಲು ಒಪ್ಪದ್ದಕ್ಕೆ ಮಾನ್ವಿಯ ಬಂಧುಗಳು ಬಾಗಿಲು ಹಾಕಿಕೊಂಡಿದ್ದರು. ತಂದೆ ಕಲಿಸಿದ ಇಂಗ್ಲಿಷೇ ಈಗ ಆಕೆಯ ಅನ್ನ. ಕೂದಲ ವಿಷಯದಲ್ಲಿ ಊರನ್ನೇ ಎದುರು ಹಾಕಿಕೊಂಡ ಹೆಂಗಸು ಮಡಿಯ ವಿಷಯದಲ್ಲಿ ಮಾತ್ರ ಗೆರೆ ದಾಟಲಾರಳು. ಮಧ್ಯಾಹ್ನದ ಊಟದ ಮೇಲೆ ಹಿಂದಿನ ಪಡಸಾಲೆಯಲ್ಲಿ ಪಾಠ. ಆಕೆ ಮಣೆಯ ಮೇಲೆ, ಪಕ್ಕದಲ್ಲಿ ಕರಿಹಲಗೆ, ಕೈಯಲ್ಲಿ ಉದ್ದನೆಯ ಕೋಲು. ಆಯಾಗಳು ನಾಲ್ಕು ಹೆಜ್ಜೆ ದೂರದಲ್ಲಿ ನೆಲದ ಮೇಲೆ. ಮಾನಮ್ಮ ಅವರಿಗಿಂತಲೂ ಹಿಂದೆ, ಮೆಟ್ಟಿಲ ಹತ್ತಿರ. ಅವಳ ಪಕ್ಕದಲ್ಲಿ ಸೂಗಮ್ಮ.

"ಪೇನ್" ಎಂದು ಅಹಲ್ಯಾಬಾಯಿ ಹಲಗೆ ಬಡಿದಳು. "ಪೇನ್ ಅಂದ್ರ ಬ್ಯಾನಿ."

"ಪೇನಂದ್ರ ಹೇನು ಅಕ್ಕೋರ" ಅಂದಳು ಹೀರಾಬಿ. "ನಮ್ಮ ಬಾಜೂ ಮನಿ ತೆಲುಗಾಕಿ ದಿನಾ ನನ್ನ ತಲ್ಯಾಗ ಪೇನ್ ನೋಡ್ತಾಳ."

"ನಿನ್ನ ತಲಿ ಪಾಠ ನಾಳಿಗೆ ಇಟ್ಟುಕೊಳ್ಳೋಣ. ಇವತ್ತು ಬ್ಯಾನಿ. ಬರೇ ಬಾಯಿಪಾಠ ಬ್ಯಾಡ್ರವಾ, ಮಾತು ಮೈಯಾಗ ಇಳೀಬೇಕು. ಎಲ್ಲಾರೂ ನಿಮ್ಮ ನಿಮ್ಮ ಕೈ ಚಿವುಟಿಕೊಳ್ರಿ. ನೋವಾತೋ, ಅನ್ರಿ: ಐ ಹ್ಯಾವ್ ಪೇನ್."

ಬೇರೆ ಯಾರೇ ಆಗಿದ್ದರೂ ಎದ್ದುಬಂದು ತಾವೇ ಚಿವುಟುತ್ತಿದ್ದರು. ಅಹಲ್ಯಾಬಾಯಿಯ ಪಾಠ ಹೀಗೆಯೇ, ಮುಟ್ಟದೆ. ಎಲ್ಲರೂ ಬಲಗೈಯಿಂದ ಎಡಗೈ ಚಿವುಟಿಕೊಂಡರು. ಮಾನಮ್ಮನೂ ಚಿವುಟಿಕೊಂಡಳು, ಚೇಳಿನ ಮೇಲೆಯೇ. ಏನೂ ಆಗಲಿಲ್ಲ. ಉಗುರು ಇನ್ನೂ ಒತ್ತಿದಳು. ಚರ್ಮದಲ್ಲಿ ಬಿಳಿ ಗೆರೆ ಮೂಡಿತು, ಅದರೊಳಗೆ ಕೆಂಪು. ಯಾರದೋ ಕೈಯನ್ನು ಯಾರೋ ಚಿವುಟಿದಂತೆ. ತಲೆಯೆತ್ತಿ ನೋಡಿದಳು. ಎಲ್ಲರ ಮುಖವೂ ಕಿವುಚಿತ್ತು. ಹೀರಾಬಿ ಸುಸ್ ಎನ್ನುತ್ತಿದ್ದಳು. ಮಾನಮ್ಮನೂ ಮುಖ ಕಿವುಚಿ, ಎಲ್ಲರಿಗಿಂತ ಜೋರಾಗಿ ಕೂಗಿದಳು.

"ಐ ಹ್ಯಾವ್ ಪೇನ್!"

"ಶಾಭಾಸ್! ನೋಡ್ರಿ, ಹಿಂಗ ಅನ್ಬೇಕು. ಖರೇನ ನೊಂದಂಗ ಅದ" ಅಂದಳು ಅಹಲ್ಯಾಬಾಯಿ.

ಪಾಠ ಮುಗಿಯುವಾಗ ಮಾನಮ್ಮ ಮೆಲ್ಲಗೆ ಕೇಳಿದಳು. "ಅಕ್ಕೋರ್ರಿ, ಬ್ಯಾನಿ ಆಗಲಿಲ್ಲಂದ್ರ ಏನನ್ಬೇಕ್ರಿ?"

"ನೋ ಪೇನ್. ಅದು ಸುಖದ ಮಾತವಾ. ಬ್ಯಾನಿ ಇಲ್ಲದಾಕಿ ದವಾಖಾನಿಗೆ ಯಾಕ ಬರ್ತಾಳ?"

ಎಲ್ಲರೂ ನಕ್ಕರು. ಮಾನಮ್ಮನೂ ನಕ್ಕಳು. ಸೂಗಮ್ಮ ಒಬ್ಬಳೇ ನಗದೆ ಅವ್ವನ ಕೈಯ ಮೇಲಿನ ಕೆಂಪು ಗೆರೆ ನೋಡುತ್ತಿದ್ದಳು.

ಆರು ತಿಂಗಳಲ್ಲಿ ಮಾನಮ್ಮ ಎಲ್ಲರನ್ನೂ ಹಿಂದೆ ಹಾಕಿದಳು. ಫೀವರ್, ಕಾಫ್, ಕಾಲರಾ, ಸ್ವೆಲಿಂಗ್. ಓದು ಬರಹ ಬಾರದವಳ ತಲೆಯಲ್ಲಿ ಮಾತು ಗೂಟ ಹೊಡೆದಂತೆ ನಿಲ್ಲುತ್ತಿತ್ತು. ದೊರಸಾನಿ ರೋಗಿಗಳನ್ನು ನೋಡುವಾಗ ಮೇಜಿನ ಪಕ್ಕ ನಿಂತು ಹಳ್ಳಿಯವರ ಮಾತನ್ನು ಇಂಗ್ಲಿಷಿಗೆ ಎತ್ತಿಕೊಡುವ ಕೆಲಸ ಅವಳದಾಯಿತು. ಕೇರಿಯ ಹೆಣ್ಣು ದೊರಸಾನಿಯ ಬಾಯಿಯಾದಳಲ್ಲ ಎಂದು ದೊಡ್ಡ ನರ್ಸಮ್ಮ ಹಲ್ಲು ಕಡಿದಳು.

ಒಂದು ಮಧ್ಯಾಹ್ನ ಅಹಲ್ಯಾಬಾಯಿ ದೊರಸಾನಿಯ ದಪ್ಪ ಪುಸ್ತಕ ತಂದಿದ್ದಳು. ಹಲಗೆಯ ಮೇಲೆ ಬರೆದು ದನಿ ತಗ್ಗಿಸಿದಳು. "ಲೆಪ್ರಸಿ. ಇದರ ಕನ್ನಡ ಬಾಯಾಗ ತರಬಾರದು. ದೊಡ್ಡ ರೋಗ ಅಂತಾರಲ್ಲ, ಅದು."

"ತೋಬಾ ತೋಬಾ" ಎಂದು ಹೀರಾಬಿ ಕೆನ್ನೆ ಬಡಿದುಕೊಂಡಳು. "ಮೂಗು ಕೂತು, ಬೆರಳು ಉದುರ್ತಾವಲ್ಲ, ಅದಾ?"

"ಅದು ಕಡೀಗ. ಮೊದಲಿನ ಗುರುತು ಬ್ಯಾರೇನ ಅದ ಅಂತ ಬರದಾರ. ಮೈಮ್ಯಾಲ ಮಾಸಿದ ಮಚ್ಚಿ. ಮುಳ್ಳು ಚುಚ್ಚಿದ್ರೂ, ಕೆಂಡ ಬಿದ್ರೂ ಅಲ್ಲಿ ಗೊತ್ತಾಗೂದಿಲ್ಲ. ನೋ ಪೇನ್." ಅಹಲ್ಯಾಬಾಯಿ ಪುಟ ತಿರುವಿದಳು. "ಒಂದೇ ಮನ್ಯಾಗ, ಒಂದೇ ಹಾಸಿಗ್ಯಾಗ ಇದ್ದವ್ರಿಗೆ ಹತ್ತತದಂತ. ಅದ್ರಾಗ ಸಣ್ಣ ಮಕ್ಕಳಿಗೆ ಲಗೂ."

ಮಾನಮ್ಮನಿಗೆ ಬೇಲಿಯಾಚೆ ಹೋದ ಸೂಜಿ ನೆನಪಾಯಿತು. ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಸೂಗಮ್ಮನನ್ನು ಎಡಗೈಯಿಂದ ತಟ್ಟುತ್ತಿದ್ದಳು. ಆ ಕೈಯನ್ನು ಹಾವು ಎತ್ತಿದಂತೆ ಎತ್ತಿ ಪಕ್ಕಕ್ಕಿಟ್ಟುಕೊಂಡಳು.

ಅಂದಿನಿಂದ ಮಗಳಿಗೆ ಬೇರೆ ಚಾಪೆ, ಬೇರೆ ತಾಟು. ದಿನಾ ಬೆಳಿಗ್ಗೆ ತಲೆ ಬಾಚುವ ಮೊದಲು ಒಂದು ಜಾಲಿಮುಳ್ಳು. ತೋಳಿಗೊಮ್ಮೆ, ಮೊಣಕಾಲಿಗೊಮ್ಮೆ, ಕೆನ್ನೆಗೊಮ್ಮೆ.

"ಯವ್ವಾ, ಬ್ಯಾನಿ!" ಎಂದು ಹುಡುಗಿ ಚೀರಿದರೆ ತಾಯಿಯ ಮುಖ ಅರಳುತ್ತಿತ್ತು. ಅತ್ತ ಕೂಸಿಗೆ ಬೆಲ್ಲದ ಚೂರು ಸಿಗುತ್ತಿತ್ತು. ಪಕ್ಕದ ಕೋಣೆಯ ಹೀರಾಬಿ ಬೈಯುವಳು. "ಏ ರಾಕ್ಷಸಿ, ಆ ಕೂಸಿಗೆ ದಿನಾ ಯಾಕ ಅಳಸ್ತೀಯಬೇ?" ಹುಡುಗಿ ಜಾಣೆ. ಏನು ಅಂದರೆ ಅವ್ವ ನಗುತ್ತಾಳೆ ಎಂಬುದನ್ನು ಕಲಿತಳು. ಕೆಲವೇ ದಿನದಲ್ಲಿ 'ಬ್ಯಾನಿ' ಬಿಟ್ಟು 'ಪೇನ್' ಅನ್ನತೊಡಗಿದಳು. ಅವ್ವ ಇನ್ನಷ್ಟು ನಕ್ಕಳು.

ನಲವತ್ತನಾಲ್ಕರ ಬೇಸಿಗೆಯಲ್ಲಿ ಚಂದ್ರಬಂಡದ ಗೋಪಮ್ಮ ಎಂಬವಳು ಬಂದಳು. ಮೂವತ್ತರ ಗಟ್ಟಿಮುಟ್ಟು ಒಕ್ಕಲಗಿತ್ತಿ. ರೊಟ್ಟಿ ಬಡಿಯುವಾಗ ಹಂಚಿಗೆ ಅಂಗೈ ತಾಗಿ ಸುಟ್ಟು, ಗಾಯ ಹಣ್ಣಾಗಿತ್ತು. ದೊರಸಾನಿ ಗಾಯ ನೋಡಿ ಹುಬ್ಬು ಗಂಟಿಕ್ಕಿ, ಸುಟ್ಟಾಗ ನೋವಾಯಿತೇ ಕೇಳು ಎಂದಳು.

"ಸುಟ್ಟಾಗ ಬ್ಯಾನಿ ಆತೇನಕ್ಕಾ?"

"ಇಲ್ಲ ನೋಡವಾ. ಕಮಟು ವಾಸನಿ ಬಂದ ಮ್ಯಾಲ ನೋಡ್ಕೊಂಡೆ, ನನ್ನ ಕೈಯ ಸುಡಾಕತ್ತಿತ್ತು" ಎಂದು ಗೋಪಮ್ಮ ನಕ್ಕಳು. "ನಮ್ಮ ಮನಿಯಾಂವ ಅಂತಾನ, ನಿಂದು ದೆವ್ವದ ಕೈ ಅಂತ."

ಮಾನಮ್ಮ ಗೋಪಮ್ಮನ ರವಿಕೆಯ ತೋಳಿನ ಅಂಚಿನಲ್ಲಿ ಇಣುಕುತ್ತಿದ್ದ ಮಾಸಲು ಕಲೆ ನೋಡಿದಳು. 'ನೋ ಪೇನ್' ಅಂದರೆ ಸಾಕು, ದೊರಸಾನಿ ಸೂಜಿ ತೆಗೆಯುತ್ತಾಳೆ. ಒಬ್ಬಳ ಮೇಲೆ ತೆಗೆದ ಸೂಜಿ ಅಲ್ಲಿಗೇ ನಿಲ್ಲುತ್ತದೆಯೇ? ನಾಳೆ ಕೆಲಸದವರ ಸಾಲು, ನಾಡಿದ್ದು ಈ ಚೇಳು. ಗೋಪಮ್ಮನಿಗೂ ಮಕ್ಕಳಿದ್ದಾರೆ, ಮನೆ ಬಿಡಿಸಿ ಒಯ್ದಾರು, ಪಾಪ ಎಂದೂ ಅನ್ನಿಸಿತು. ಆದರೆ ಆ ಪಾಪ ಆಮೇಲೆ ಬಂದದ್ದು. ಮೊದಲು ಬಂದದ್ದು ತನ್ನ ಕೋಣೆ, ತನ್ನ ಮಗಳು.

"ಮಚ್ ಪೇನ್" ಅಂದಳು.

ದೊರಸಾನಿ ಗಾಯಕ್ಕೆ ಮುಲಾಮು ಕೊಟ್ಟು ಕಳಿಸಿದಳು. "ಪುಣ್ಯಾತಗಿತ್ತಿ, ನೀ ಇದ್ದದ್ದಕ್ಕ ನಂದು ಕೆಲಸ ಆತವಾ" ಎಂದು ಗೋಪಮ್ಮ ಹೋಗುವಾಗ ಹರಸಿದಳು. ಆ ಹರಕೆ ಮಾನಮ್ಮನ ಬೆನ್ನು ಹತ್ತಿತು. ಬಾಗಿಲ ಪರದೆ ಅಲುಗಿದರೆ ಚಂದ್ರಬಂಡದವರು ಬಂದರೇನೋ ಎಂದು ನೋಡುವಳು. ಮೆಟ್ಟು ಕಾಲಿನಿಂದ ಜಾರಿ ಹಿಂದೆಯೇ ಉಳಿದರೂ ತಿಳಿಯದೆ ಹತ್ತು ಹೆಜ್ಜೆ ನಡೆದುಬಿಡುವಳು. "ಏ ಕಬ್ಬಿಣದಾಕಿ, ನಿನ್ನ ಚಪ್ಪಲಿ ಅಲ್ಲೇ ಕೂತು ಅಳಾಕತ್ತದ" ಎಂದು ಹೀರಾಬಿ ಕೂಗಿದಾಗ ಗೊತ್ತಾಗುವುದು. ಎಡಗೈ ಆಯಿತು, ಈಗ ಕಾಲು.

ದೀಪಾವಳಿ ಕಳೆದ ಮೇಲೆ ಗೋಪಮ್ಮ ಬಂದಳು. ಗಂಡ ಅವಳನ್ನು ಬಂಡಿಯಿಂದ ಕೈಹಿಡಿದು ಇಳಿಸಲಿಲ್ಲ, ಕೆಳಗೆ ನಿಂತು ದೂರದಿಂದ ಕೋಲು ನೀಡಿದ. ಅವಳ ಬೆರಳುಗಳು ಹಕ್ಕಿಯ ಕಾಲಿನಂತೆ ಒಳಗೆ ಮಡಿಚಿದ್ದವು. ಎರಡರ ತುದಿ ಇರಲಿಲ್ಲ. ದೊರಸಾನಿ ಬಹಳ ಹೊತ್ತು ನೋಡಿದಳು. ಸೂಜಿ ತೆಗೆದು ಚುಚ್ಚಿದಳು, ಗರಿ ತೆಗೆದು ಸವರಿದಳು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಮಾನಮ್ಮ ಅದನ್ನು ಕನ್ನಡಕ್ಕೆ ಇಳಿಸಲೇಬೇಕಾಯಿತು.

"ಆರು ತಿಂಗಳ ಹಿಂದ ಗೊತ್ತಾಗಿದ್ರ… ಬೆರಳು ಉಳೀತಿದ್ವು ಅಂತಾರ. ಮೊದಲ ಮೊದಲ ಔಷಧದ ಎಣ್ಣಿ ಸೂಜಿ ಚುಚ್ಚಿದ್ರ ಹತೋಟಿಗೆ ಬರ್ತದಂತ."

"ಆರು ತಿಂಗಳ ಹಿಂದ ಬಂದಿದ್ನಲ್ಲವಾ" ಅಂದಳು ಗೋಪಮ್ಮ. "ನಿನ್ನ ಮುಂದ ಹೇಳಿದ್ದೆ. ನೀ ಹೇಳಿದ್ದಿಲ್ಲ?"

ದೊರಸಾನಿ ಮಾನಮ್ಮನ ಮುಖ ನೋಡಿದಳು, ಏನು ಕೇಳುತ್ತಾಳೆ ಅಂದಳು. ಏನಿಲ್ಲ ಎಂದು ಮಾನಮ್ಮ ತಲೆಯಾಡಿಸಿದಳು. ಗೋಪಮ್ಮ ಮಡಿಚಿದ ಕೈಯಿಂದ ಸೆರಗು ಸರಿಮಾಡಿಕೊಳ್ಳಲು ಹೋಗಿ, ಆಗದೆ, ಹಲ್ಲಿನಿಂದ ಎಳೆದುಕೊಂಡು ಹೊರಟಳು. ಹೊರಗೆ ಬಂಡಿ ಇರಲಿಲ್ಲ. ಗಂಡ ಬಿಟ್ಟು ಹೋಗಿದ್ದ.

ಮರುದಿನ ಬೆಳಿಗ್ಗೆ ಮಾನಮ್ಮ ಮುಳ್ಳು ಹಿಡಿದು ಕೂತಳು. ಮುಳ್ಳು ಇನ್ನೂ ತೋಳಿಗೆ ತಾಗಿರಲಿಲ್ಲ.

"ಪೇನ್" ಅಂದಳು ಸೂಗಮ್ಮ, ಬೆಲ್ಲಕ್ಕೆ ಕೈಯೊಡ್ಡಿ.

ಮಾನಮ್ಮ ಮುಳ್ಳನ್ನು ಹಿಂದಕ್ಕೆಳೆದಳು. ಎಷ್ಟು ದಿನದಿಂದ ಹೀಗೆ? ಎಷ್ಟು ಬೆಳಿಗ್ಗೆ ಈ ಒಂದು ಮಾತಿಗೆ ತಾನು ಹಿಗ್ಗಿದ್ದು? ಪಾಠದ ಪಡಸಾಲೆಯಲ್ಲಿ ಎಲ್ಲರ ಮುಖ ನೋಡಿ ಕೂಗಿದ್ದು ಯಾರು, ಅದನ್ನು ಪಕ್ಕದಲ್ಲಿ ಕೂತು ನೋಡಿದ್ದು ಯಾರು? ಮಗಳನ್ನು ತಿರುಗಿಸಿ ನಿಲ್ಲಿಸಿದಳು. ಗೋಡೆ ನೋಡು ಅಂದಳು. ಅಂಗಿ ಎತ್ತಿದಳು. ಬಲ ಹೆಗಲ ಕೆಳಗೆ, ಎಂದೂ ಮುಳ್ಳು ಇಳಿಸದ ಜಾಗದಲ್ಲಿ, ಕಡಲೆಕಾಳಿನಷ್ಟು ಮಾಸಲು ಕಲೆ. ಮಣ್ಣಿರಬೇಕೆಂದು ಉಗುಳು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಮುಳ್ಳು ಊರಿದಳು. ಸೂಗಮ್ಮ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ಸುಮ್ಮನೆ ನಿಂತಿದ್ದಳು.

"ಯವ್ವಾ, ಲಗೂ ಚುಚ್ಚು. ಹಸಿವ್ಯಾಗ್ಯಾದ."

ಮುಳ್ಳಿನ ತುದಿ ಒಳಗಿತ್ತು.

ಅಂದು ದೊರಸಾನಿ ಬಂದು ಕೂತಾಗ ಮಾನಮ್ಮ ಮೇಜಿನ ಪಕ್ಕದ ತನ್ನ ಜಾಗದಲ್ಲಿ ನಿಲ್ಲಲಿಲ್ಲ. ಮಗಳನ್ನು ಕರೆತಂದು ರೋಗಿಗಳ ಸ್ಟೂಲಿನ ಮೇಲೆ ಕೂಡಿಸಿ, ತಾನು ಎದುರು ನಿಂತಳು. ಹೊರಗೆ ಸಾಲು ನೆರೆದಿತ್ತು. ರೋಗಿ ಎಲ್ಲಿ ಎಂದು ದೊರಸಾನಿ ಕೇಳಿದಳು.

ಮಾನಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟಳು. ಚೇಳು ಮೇಲೆ ಬಂತು.

"ಐ ಹ್ಯಾವ್ ನೋ ಪೇನ್" ಅಂದಳು. ಆಮೇಲೆ ಮಗಳ ಅಂಗಿ ಎತ್ತಿ, "ಶೀ ನೋ ಪೇನ್."

ದೊರಸಾನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಎದ್ದು ಬಾಗಿಲ ಪರದೆ ಎಳೆದಳು. ಮಾನಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಹೊರಳಿಸಿ, ಮೊಣಕೈ ಹಿಂದಿನ ನರ ಒತ್ತಿ, ಒಂದೊಂದೇ ಬೆರಳು ಬಿಡಿಸಿ ನೋಡಿದಳು. ಆ ದವಾಖಾನೆಯಲ್ಲಿ ಅವಳ ಕೈಯನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು. ಎಡಗೈಯಾದ್ದರಿಂದ ಅದೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

"ಗೋಪಮ್ಮ ಆಲ್ಸೋ ನೋ ಪೇನ್" ಅಂದಳು ಮಾನಮ್ಮ. "ಐ ಟೆಲ್ ಲೈ."

ದೊರಸಾನಿ ತಲೆ ಎತ್ತಲಿಲ್ಲ. ಬರೆಯುತ್ತಲೇ ಇದ್ದಳು. ಮಗುವಿನ ರೋಗ ಎಳೆಯದು, ಎಣ್ಣೆಯ ಸೂಜಿ ನಾಟೀತು ಅಂದಳು. ನಿನ್ನದು ಎಂದು ಶುರುಮಾಡಿ ಮತ್ತೆ ಬರೆಯತೊಡಗಿದಳು.

ಮಧ್ಯಾಹ್ನದೊಳಗೆ ಕೋಣೆಯ ಚಾಪೆ, ತಾಟು, ಗಡಿಗೆ ಎಲ್ಲ ಹಿತ್ತಲಲ್ಲಿ ಉರಿದವು. ಎರಡು ಮಾರು ದೂರದಿಂದ ತಪಾಸಣೆ ಮಾಡುತ್ತಿದ್ದ ದೊಡ್ಡ ನರ್ಸಮ್ಮ, "ನಮಗ್ಯಾರಿಗೂ ಹೇಳದಂಗ ಇದ್ಲಲ್ಲ ರಂಡೆ" ಎಂದು ಊರೆಲ್ಲ ಕೇಳುವಂತೆ ಕೂಗಾಡಿದಳು. ಹೀರಾಬಿ ಅಳುತ್ತಾ ತನ್ನ ಕೈಗಳನ್ನು ತಾನೇ ಚಿವುಟಿ ಚಿವುಟಿ ನೋಡಿಕೊಳ್ಳುತ್ತಿದ್ದಳು.

ಹೈದರಾಬಾದಿನಾಚೆ ಆ ರೋಗದವರ ವಸತಿ ಇತ್ತು. ದೊರಸಾನಿ ಚೀಟಿ ಬರೆದುಕೊಟ್ಟಳು. ಅಲ್ಲಿ ಮಕ್ಕಳ ಸಾಲು ಬೇರೆ, ದೊಡ್ಡವರ ಸಾಲು ಬೇರೆ, ವಾರಕ್ಕೊಮ್ಮೆ ಬೇಲಿಯ ಹತ್ತಿರ ಭೇಟಿ ಎಂಬುದನ್ನೂ ಮುಚ್ಚಿಡಲಿಲ್ಲ. ಮೂರು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಅದೇ ಕೊನೆಗೆ ಅವಳ ಪಾಲಿಗೆ ಬಂತು, ಮಗಳ ಬೆನ್ನ ಮೇಲಿನ ಕಲೆಯ ಸಮೇತ.

ಸ್ಟೇಶನ್ನಿಗೆ ಬಂದವಳು ಅಹಲ್ಯಾಬಾಯಿ ಒಬ್ಬಳೇ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಒಂದು ಪಾಟಿಯನ್ನೂ ಬಳಪದ ತುಂಡುಗಳನ್ನೂ ನೆಲದ ಮೇಲಿಟ್ಟು ಹಿಂದೆ ಸರಿದಳು. "ಹುಡುಗಿಗೆ. ಜಾಣಿ ಅದಾಳ" ಅಂದಳು. ಸರಿದ ಹೆಜ್ಜೆ ಮಡಿಯದೋ ಹೆದರಿಕೆಯದೋ, ಮಾನಮ್ಮ ಕೇಳಲಿಲ್ಲ. ಬಾಗಿ ಪಾಟಿ ಎತ್ತಿಕೊಂಡಳು.

"ಅಕ್ಕೋರ್ರಿ, ಮುಂದಿನವ್ರಿಗೆ ಪಾಠ ಮಾಡ್ವಾಗ ನೀವ ಚಿವುಟ್ರಿ" ಅಂದಳು.

ಗಾಡಿ ಸೀಟಿ ಹಾಕಿತು.

ಕೊನೆಯ ಡಬ್ಬಿಯ ಮೂಲೆಯಲ್ಲಿ ತಾಯಿ ಮಗಳು ಇಬ್ಬರೇ. ದೇವಸುಗೂರಿನ ಕಡೆಯ ಹೊಲಗಳು ಹಿಂದೆ ಸರಿದು ಕೃಷ್ಣೆಯ ಸೇತುವೆ ಬಂತು. ಇದೇ ನೀರು ಗೂಗಲ್ಲು ದಾಟಿ ಬರುತ್ತದೆ ಎಂದು ಸೂಗಮ್ಮ ಕಿಟಕಿಯಿಂದ ಬಾಗಿ ನೋಡುತ್ತಿದ್ದಳು. ಇಂಜಿನ್ನಿನ ಕೆಂಡದ ಕಿಡಿಯೊಂದು ಗಾಳಿಯಲ್ಲಿ ತೇಲಿ ಬಂದು, ಅಂಗಿ ಜಾರಿದ ಅವಳ ಬಲ ಹೆಗಲ ಹಿಂದಿನ ಕಲೆಯ ಮೇಲೆ ಕೂತಿತು. ಮಾನಮ್ಮ ಹೊಡೆದು ಆರಿಸಿದಳು. ಹುಡುಗಿ ತಿರುಗಿ ಅವ್ವನ ಮುಖ ನೋಡಿದಳು, ಅವ್ವನ ಕೈಗೆ ಹತ್ತಿದ ಕರಿ ನೋಡಿದಳು.

"ಪೇನ್" ಅಂದಳು ಅವಸರದಿಂದ.

"ಬ್ಯಾಡ ಮಗಳ. ನನ್ನ ಮುಖ ನೋಡಿ ಹೇಳಬ್ಯಾಡ. ಬೆಲ್ಲ ಇನ್ನ ಮ್ಯಾಲ ಹೆಂಗ ಹೇಳಿದ್ರೂ ಕೊಡ್ತೀನಿ. ಆಗಿದ್ರ ಆತು ಅನ್ನು, ಇಲ್ಲಂದ್ರ ಇಲ್ಲ ಅನ್ನು. ಅಲ್ಲಿ ಸೂಜಿ ಚುಚ್ಚಾವ್ರಿಗೂ ಹಂಗ ಹೇಳ್ಬೇಕು. ನಾ ಬಾಜೂಕ ಇರೂದಿಲ್ಲ."

ಸೂಗಮ್ಮ ಕಣ್ಣು ಮುಚ್ಚಿಕೊಂಡಳು. ಸೇತುವೆಯ ಕಬ್ಬಿಣ ಕಿವಿಯ ಪಕ್ಕದಲ್ಲೇ ಗುಡುಗುತ್ತಿತ್ತು. ಹುಡುಗಿ ತನ್ನ ಬೆನ್ನೊಳಗೆ ಬಹಳ ಹೊತ್ತು ಹುಡುಕಿದಳು.

"ನೋ ಪೇನ್" ಅಂದಳು.

ಮಾನಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟಳು.